ಕ್ರೈಸ್ತ ವೈರಾಗ್ಯ: ಪೂರ್ಣ ಹೃದಯದ ದೈವಭಕ್ತಿ ಮತ್ತು ಲೋಕದ ಮೋಹ

ದೇವರನ್ನು ಪೂರ್ಣ ಹೃದಯದಿಂದ ಪ್ರೀತಿಸಬೇಕು, ಆ ಪ್ರೀತಿಗೆ ಅಡ್ಡ ಬರುವ ಹಣ, ಪದವಿ, ಕೀರ್ತಿ, ಸುಖ ಇವುಗಳ ಹಿಡಿತದಿಂದ ಬಿಡಿಸಿಕೊಳ್ಳಬೇಕು ಎಂಬುದು ಕ್ರೈಸ್ತ ಧರ್ಮದ ಮೂಲ ಬೋಧನೆಗಳಲ್ಲಿ ಒಂದು. ಮಠ ಸೇರಿದ ಸನ್ಯಾಸಿಗೂ ಅಂಗಡಿ ನಡೆಸುವ ಗೃಹಸ್ಥನಿಗೂ ಈ ಬೋಧನೆ ಒಂದೇ. ಅದನ್ನು ಬದುಕುವ ಬಗೆ ಮಾತ್ರ ಬೇರೆ ಬೇರೆ. ಎಲ್ಲವನ್ನೂ ಬಿಟ್ಟು ಹೊರಡಬೇಕೇ, ಇದ್ದುಕೊಂಡೇ ಅಂಟದಂತಿರಬೇಕೇ ಎಂಬ ಪ್ರಶ್ನೆಗೆ ಎರಡು ಸಾವಿರ ವರ್ಷಗಳಲ್ಲಿ ಹಲವು ಉತ್ತರಗಳು ಬಂದಿವೆ. ಈಜಿಪ್ಟಿನ ಮರುಭೂಮಿಯ ತಪಸ್ವಿಗಳು, ಬೆನೆಡಿಕ್ಟನ ಮಠಗಳು, ಫ್ರಾನ್ಸಿಸ್ಕನ್ನರ ಬಡತನ, ಲೂಥರನ ಗೃಹಸ್ಥಧರ್ಮ, ಮೆಥಡಿಸ್ಟರ ಮಿತವ್ಯಯ, ಕೋಲ್ಕತ್ತದ ಮದರ್ ತೆರೇಸಾರ ಸೇವೆ ಎಲ್ಲವೂ ಅದೇ ಪ್ರಶ್ನೆಗೆ ಹುಟ್ಟಿದ ಉತ್ತರಗಳು. ಕ್ರೈಸ್ತ ವೈರಾಗ್ಯದಲ್ಲಿ ಬಿಡುವುದೇ ಗುರಿಯಲ್ಲ. ಬಿಟ್ಟ ಕೈ ದೇವರ ಕಡೆಗೂ ನೆರೆಯವನ ಕಡೆಗೂ ಚಾಚಿಕೊಳ್ಳಬೇಕು. ಈ ಎರಡನೆಯ ಹೆಜ್ಜೆ ಇಲ್ಲದ ತ್ಯಾಗವನ್ನು ಬೈಬಲ್ ಎಲ್ಲಿಯೂ ಮೆಚ್ಚಿಲ್ಲ.

ಬೈಬಲಿನಲ್ಲಿ

ಇದರ ಬೇರು ಯೆಹೂದ್ಯರ ಧರ್ಮಶಾಸ್ತ್ರದಲ್ಲಿದೆ. ಧರ್ಮೋಪದೇಶಕಾಂಡದ 6ನೇ ಅಧ್ಯಾಯ ಇಸ್ರಾಯೇಲ್ಯರಿಗೆ ದೇವರೊಬ್ಬನೇ ಎಂದು ಸಾರಿ, ಆತನನ್ನು ಪೂರ್ಣ ಹೃದಯದಿಂದ, ಪೂರ್ಣ ಪ್ರಾಣದಿಂದ, ಪೂರ್ಣ ಶಕ್ತಿಯಿಂದ ಪ್ರೀತಿಸಲು ವಿಧಿಸುತ್ತದೆ. ಕರ್ಮೆಲ್ ಬೆಟ್ಟದ ಮೇಲೆ ಪ್ರವಾದಿ ಎಲೀಯ ಜನರನ್ನು ತರಾಟೆಗೆ ತೆಗೆದುಕೊಂಡದ್ದು ಅವರು ದೇವರನ್ನು ಪೂರ್ತಿಯಾಗಿ ತೊರೆದರು ಎಂದಲ್ಲ. ಯೆಹೋವನಿಗೂ ಬಾಳನೆಂಬ ಅನ್ಯದೇವತೆಗೂ ನಡುವೆ ಓಲಾಡುತ್ತಿದ್ದಾರೆ ಎಂದು. ಒಡೆದ ಹೃದಯವೇ ಅವನ ಕಣ್ಣಿಗೆ ದೊಡ್ಡ ರೋಗ. ಮುಂದೆ ಯೇಸು ಕ್ರಿಸ್ತನು ಎಲ್ಲಕ್ಕಿಂತ ಮುಖ್ಯವಾದ ಆಜ್ಞೆ ಯಾವುದು ಎಂದು ಕೇಳಿದವರಿಗೆ ಧರ್ಮೋಪದೇಶಕಾಂಡದ ಇದೇ ವಿಧಿಯನ್ನು ಎತ್ತಿ ಹೇಳಿ, ಅದರ ಪಕ್ಕದಲ್ಲೇ ನೆರೆಯವನನ್ನು ತನ್ನಂತೆಯೇ ಪ್ರೀತಿಸಬೇಕೆಂಬ ಆಜ್ಞೆಯನ್ನು ಇಟ್ಟನು.

ಈ ವಿಷಯದಲ್ಲಿ ಕ್ರೈಸ್ತ ಸಭೆ ಮತ್ತೆ ಮತ್ತೆ ಓದಿ ಚರ್ಚಿಸಿದ ಪ್ರಸಂಗ ಮಾರ್ಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿದೆ. ಐಶ್ವರ್ಯವಂತನೊಬ್ಬ ಓಡುತ್ತ ಬಂದು ಯೇಸುವಿನ ಮುಂದೆ ಮೊಣಕಾಲೂರಿ, ನಿತ್ಯಜೀವಕ್ಕೆ ಏನು ಮಾಡಬೇಕೆಂದು ಕೇಳುತ್ತಾನೆ. ಕೊಲೆ, ವ್ಯಭಿಚಾರ, ಕಳ್ಳತನ, ಸುಳ್ಳುಸಾಕ್ಷಿಗಳನ್ನು ನಿಷೇಧಿಸುವ ಆಜ್ಞೆಗಳನ್ನೂ ತಂದೆತಾಯಿಗಳ ಗೌರವವನ್ನೂ ಯೇಸು ನೆನಪಿಸುತ್ತಾನೆ. ಇವೆಲ್ಲವನ್ನೂ ಚಿಕ್ಕಂದಿನಿಂದಲೇ ಪಾಲಿಸಿಕೊಂಡು ಬಂದಿದ್ದೇನೆ ಎನ್ನುತ್ತಾನೆ ಅವನು. ಆಗ ಯೇಸು ಅವನನ್ನು ದಿಟ್ಟಿಸಿ ನೋಡಿ ಪ್ರೀತಿಸಿದನು ಎಂದು ಮಾರ್ಕನು ಬರೆಯುತ್ತಾನೆ. ಇದೇ ಕತೆಯನ್ನು ಹೇಳುವ ಮತ್ತಾಯ, ಲೂಕರಲ್ಲಿ ಈ ಮಾತಿಲ್ಲ. ಇದ್ದುದನ್ನೆಲ್ಲ ಮಾರಿ ಬಡವರಿಗೆ ಕೊಟ್ಟು ನನ್ನ ಹಿಂದೆ ಬಾ ಎಂಬ ಕರೆ ಆ ಪ್ರೀತಿಯ ನೋಟದ ಬೆನ್ನಿಗೇ ಬರುತ್ತದೆ. ಅವನ ಮುಖ ಬಾಡುತ್ತದೆ. ಬಹಳ ಆಸ್ತಿಯುಳ್ಳವನಾದ್ದರಿಂದ ದುಃಖದಿಂದ ಹೊರಟುಹೋಗುತ್ತಾನೆ. ಅವನಲ್ಲಿ ಎದ್ದು ಕಾಣುವ ದುರ್ಗುಣ ಯಾವುದೂ ಇರಲಿಲ್ಲ. ನಿಷ್ಠೆಯಿಂದ ಧರ್ಮ ನಡೆಸಿದವನು. ಅವನಿಗೆ ಕಡಿಮೆಯಾದದ್ದು ಒಂದೇ, ಆ ಒಂದರ ಮುಂದೆ ಉಳಿದದ್ದೆಲ್ಲವೂ ಸಾಲದೆ ಹೋಯಿತು.

ಹಾಗೆಂದು ಸುವಾರ್ತೆಗಳಲ್ಲಿ ಎಲ್ಲರಿಗೂ ಇದೇ ಆದೇಶವಿಲ್ಲ. ಪೇತ್ರ, ಅಂದ್ರೆಯ, ಯಾಕೋಬ, ಯೋಹಾನರು ಬಲೆ ದೋಣಿಗಳನ್ನು ಬಿಟ್ಟು ಹೊರಟರು. ಸುಂಕ ವಸೂಲಿಯ ಜಕ್ಕಾಯನು ಆಸ್ತಿಯ ಅರ್ಧವನ್ನು ಬಡವರಿಗೆ ಕೊಟ್ಟು, ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುವುದಾಗಿ ಹೇಳಿದಾಗ ಯೇಸು ಅದನ್ನು ಮೆಚ್ಚಿದನು; ಉಳಿದರ್ಧ ಎಲ್ಲಿ ಎಂದು ಕೇಳಲಿಲ್ಲ. ಹೆರೋದನ ಅಧಿಕಾರಿ ಕೂಜನ ಹೆಂಡತಿ ಯೋಹಾನಳು ಮತ್ತು ಸುಸನ್ನಳಂಥ ಸ್ತ್ರೀಯರು ತಮ್ಮ ಆಸ್ತಿಯಿಂದಲೇ ಶಿಷ್ಯಮಂಡಳಿಯನ್ನು ಸಲಹಿದರು ಎಂದು ಲೂಕನು ದಾಖಲಿಸಿದ್ದಾನೆ. ಬೇಥಾನ್ಯದ ಮಾರ್ಥ ಮರಿಯರು ತಮ್ಮ ಮನೆಯಲ್ಲೇ ಉಳಿದು ಆತನನ್ನು ಬರಮಾಡಿಕೊಂಡರು. ದೇವರನ್ನೂ ಧನವನ್ನೂ ಒಟ್ಟಿಗೆ ಸೇವಿಸಲಾಗದು ಎಂಬ ಬೆಟ್ಟದ ಪ್ರಸಂಗದ ಎಚ್ಚರಿಕೆ ಮಾತ್ರ ಇವರೆಲ್ಲರಿಗೂ ಸಮಾನ.

ಕುಟುಂಬದ ವಿಷಯದಲ್ಲಿ ಯೇಸುವಿನ ಮಾತು ಇನ್ನೂ ಕಟು. ತಂದೆತಾಯಿ, ಹೆಂಡತಿ ಮಕ್ಕಳಿಗಿಂತ ತನ್ನನ್ನು ಮುಂದಿಡದವನು ಶಿಷ್ಯನಾಗಲಾರ ಎನ್ನುತ್ತಾನೆ. ಆದರೆ ಅದೇ ಯೇಸು, ಹೆತ್ತವರಿಗೆ ಸಲ್ಲಬೇಕಾದ ನೆರವನ್ನು ದೇವರಿಗೆ ಹರಕೆಯಾಗಿ ಮೀಸಲಿಟ್ಟಿದ್ದೇನೆಂದು ಹೇಳಿ ಜಾರಿಕೊಳ್ಳುವವರನ್ನು ಕಪಟಿಗಳೆಂದು ಖಂಡಿಸಿದನು. ಶಿಲುಬೆಯ ಮೇಲೆ ತೂಗುತ್ತಿದ್ದಾಗಲೂ ತಾಯಿಯನ್ನು ಶಿಷ್ಯನ ಆಸರೆಗೆ ಒಪ್ಪಿಸಿದನು. ಈ ಎರಡನ್ನೂ ಕೂಡಿಸಿ ಓದಿದಾಗ ಮಾತ್ರ ಬೋಧನೆಯ ತೂಕ ತಿಳಿಯುತ್ತದೆ: ದೇವರ ಸ್ಥಾನವನ್ನು ಕುಟುಂಬಕ್ಕೆ ಕೊಡಬಾರದು, ದೇವರ ಹೆಸರಿನಲ್ಲಿ ಕುಟುಂಬವನ್ನು ಕೈಬಿಡಲೂ ಬಾರದು.

ಅಪೊಸ್ತಲ ಪೌಲನ ಪತ್ರಗಳಲ್ಲಿ ಈ ಬೋಧನೆ ಅನುಭವದ ಮಾತಾಗುತ್ತದೆ. ಕುಲ, ವಿದ್ಯೆ, ಮತನಿಷ್ಠೆಗಳಿಂದ ತನಗಿದ್ದ ಹೆಗ್ಗಳಿಕೆಯನ್ನೆಲ್ಲ ಕ್ರಿಸ್ತನಿಗಾಗಿ ನಷ್ಟದ ಬಾಬತ್ತಿಗೆ ಹಾಕಿದೆನೆಂದು ಅವನು ಫಿಲಿಪ್ಪಿಯವರಿಗೆ ಬರೆದನು. ಮದುವೆ, ಕೊಳ್ಳುಕೊಡುಗೆ, ಸುಖದುಃಖಗಳ ನಡುವೆ ಇದ್ದೂ ಇಲ್ಲದವರಂತೆ ಇರಿ ಎಂದು ಕೊರಿಂಥದವರಿಗೆ ಸಲಹೆ ಕೊಟ್ಟನು. ತಿಮೊಥೆಯನಿಗೆ ಬರೆದ ಎರಡನೇ ಪತ್ರದ ಕೊನೆಯಲ್ಲಿ ದೇಮನೆಂಬ ಒಬ್ಬ ಜೊತೆಗಾರನ ಹೆಸರು ಬರುತ್ತದೆ. ಅವನು ಇಹಲೋಕವನ್ನು ಪ್ರೀತಿಸಿ ಪೌಲನನ್ನು ಬಿಟ್ಟು ಥೆಸಲೋನಿಕಕ್ಕೆ ಹೋದನು. ಹಿಂದಿನ ಪತ್ರಗಳಲ್ಲಿ ಜೊತೆ ಕೆಲಸಗಾರನೆಂದು ಎಣಿಸಿಕೊಂಡಿದ್ದವನ ಕತೆ ಅಷ್ಟಕ್ಕೆ ಮುಗಿಯುತ್ತದೆ.

ಇಲ್ಲಿ ಒಂದು ಸ್ಪಷ್ಟನೆ ಅಗತ್ಯ. ಲೋಕವನ್ನು ಪ್ರೀತಿಸಬೇಡಿ ಎಂದು ಯೋಹಾನನ ಮೊದಲ ಪತ್ರ ಹೇಳುವಾಗ ಗಿಡಮರ, ಊಟ, ಮದುವೆ, ದುಡಿಮೆಗಳನ್ನು ಹೀಗಳೆಯುತ್ತಿಲ್ಲ. ಸೃಷ್ಟಿಯೆಲ್ಲ ಒಳ್ಳೆಯದು ಎಂಬುದು ಆದಿಕಾಂಡದ ಮೊದಲ ಅಧ್ಯಾಯದ ಘೋಷಣೆ. ತಿಮೊಥೆಯನಿಗೆ ಬರೆದ ಮೊದಲ ಪತ್ರ ಮದುವೆಯನ್ನೂ ಆಹಾರವನ್ನೂ ನಿಷೇಧಿಸುವವರನ್ನು ಸುಳ್ಳುಬೋಧಕರ ಸಾಲಿಗೆ ಸೇರಿಸುತ್ತದೆ. ಭೋಗದ ಆಸೆ, ಕಣ್ಣಿನ ಆಸೆ, ಬಾಳಿನ ಡಂಭ ಇವೇ ಅಲ್ಲಿ ಲೋಕ ಎನಿಸಿಕೊಂಡಿವೆ.

ಆದಿಸಭೆ ಮತ್ತು ಮರುಭೂಮಿ

ಯೆರೂಸಲೇಮಿನ ಮೊದಲ ವಿಶ್ವಾಸಿಗಳು ಆಸ್ತಿಯನ್ನು ಹಂಚಿಕೊಂಡು ಬಾಳಿದರು ಎಂದು ಅಪೊಸ್ತಲರ ಕೃತ್ಯಗಳು ಹೇಳುತ್ತದೆ. ಸೈಪ್ರಸ್ಸಿನ ಬಾರ್ನಬನು ಹೊಲ ಮಾರಿ ಹಣವನ್ನು ಅಪೊಸ್ತಲರ ಪಾದದ ಬಳಿ ಇಟ್ಟನು. ಅನನೀಯ, ಸಫೈರ ದಂಪತಿಗಳ ತಪ್ಪು ಹಣ ಉಳಿಸಿಕೊಂಡದ್ದಲ್ಲ. ಎಲ್ಲವನ್ನೂ ಕೊಟ್ಟೆವೆಂದು ಸುಳ್ಳಾಡಿದ್ದು.

ಶ್ರೀಮಂತರು ಸಭೆಗೆ ಬರತೊಡಗಿದಂತೆ ಪ್ರಶ್ನೆ ತೀವ್ರವಾಯಿತು. ಅಲೆಕ್ಸಾಂಡ್ರಿಯದ ಕ್ಲೆಮೆಂಟ್ (ಸು. 150–215) ರಕ್ಷಣೆ ಹೊಂದುವ ಶ್ರೀಮಂತ ಯಾರು ಎಂಬ ವಿಷಯದ ಮೇಲೆಯೇ ಒಂದು ಕಿರುಗ್ರಂಥ ಬರೆದನು. ಆಸ್ತಿಯನ್ನು ಎಸೆದರೂ ಅದರ ಹಂಬಲ ಉಳಿಯಬಹುದು. ಆಸ್ತಿಯಿದ್ದರೂ ಹೃದಯ ಬಿಡುಗಡೆಯಾಗಿರಬಹುದು. ಯಾರಲ್ಲೂ ಏನೂ ಇರದಿದ್ದರೆ ಹಸಿದವನಿಗೆ ಉಣಿಸುವವರಾರು ಎಂಬುದು ಅವನ ವಾದ. ಒಳಗಿನ ವಿರಕ್ತಿಗೆ ಒತ್ತು ಕೊಡುವ ಈ ಓದು ಇಂದಿಗೂ ಪ್ರಬಲ. ಅದರ ಅಪಾಯವೂ ಸ್ಪಷ್ಟ: ಮನಸ್ಸಿನಲ್ಲಿ ಬಿಟ್ಟಿದ್ದೇನೆ ಎಂಬುದು ಕೈಬಿಚ್ಚದಿರಲು ನೆಪವಾಗಬಲ್ಲದು.

ಈಜಿಪ್ಟಿನ ಆಂಟನಿ (ಸು. 251–356) ಐಶ್ವರ್ಯವಂತನಿಗೆ ಯೇಸು ಕೊಟ್ಟ ಕರೆಯನ್ನು ಅಕ್ಷರಶಃ ತೆಗೆದುಕೊಂಡನು. ಅಥನಾಸಿಯಸ್ ಬರೆದ ಜೀವನಚರಿತ್ರೆಯ ಪ್ರಕಾರ ಹದಿನೆಂಟು ಇಪ್ಪತ್ತರ ವಯಸ್ಸಿನಲ್ಲಿ ತಂದೆತಾಯಿಯನ್ನು ಕಳೆದುಕೊಂಡ ಅವನಿಗೆ 300 ಅರೂರ, ಅಂದರೆ ಸುಮಾರು 200 ಎಕರೆ ಫಲವತ್ತಾದ ಭೂಮಿಯಿತ್ತು. ಜೊತೆಗೆ ಒಬ್ಬ ಪುಟ್ಟ ತಂಗಿ. ಚರ್ಚಿನಲ್ಲಿ ಆ ಐಶ್ವರ್ಯವಂತನ ಪಾಠವನ್ನು ಕೇಳಿದ ಅವನು ಹೊಲವನ್ನು ಊರವರಿಗೆ ಬಿಟ್ಟುಕೊಟ್ಟು, ಮನೆಯ ಸರಕು ಮಾರಿ ಬಡವರಿಗೆ ಹಂಚಿ, ತಂಗಿಗಾಗಿ ಸ್ವಲ್ಪ ಇಟ್ಟುಕೊಂಡನು. ನಾಳೆಯ ಚಿಂತೆ ಬೇಡವೆಂಬ ಪಾಠ ಕೇಳಿದ ಮೇಲೆ ಅದನ್ನೂ ಕೊಟ್ಟು, ತಂಗಿಯನ್ನು ವ್ರತಸ್ಥ ಕನ್ಯೆಯರ ಆಶ್ರಯಕ್ಕೆ ಒಪ್ಪಿಸಿ ತಪಸ್ಸಿಗೆ ಹೊರಟನು. ಅವನ ದಾರಿ ಹಿಡಿದು ನಿಟ್ರಿಯ, ಸ್ಕೀಟಿಸ್ ಮುಂತಾದ ಕಡೆ ಸಾವಿರಾರು ಜನ ಮರಳುಗಾಡಿಗೆ ನಡೆದರು. ಪಕೋಮಿಯಸ್ 320ರ ಸುಮಾರಿಗೆ ತಬೆನ್ನೀಸಿಯಲ್ಲಿ ಸಾಮೂಹಿಕ ಮಠಜೀವನಕ್ಕೆ ಅಡಿಪಾಯ ಹಾಕಿದನು.

ಮರುಭೂಮಿಯಲ್ಲಿ ಕಲಿತ ಪಾಠಗಳನ್ನು ಪಶ್ಚಿಮಕ್ಕೆ ತಲುಪಿಸಿದವನು ಯೋಹಾನ ಕಾಸಿಯನ್ (ಸು. 360–435). ಮೂರು ತ್ಯಾಗಗಳನ್ನು ಅವನು ಹಂತವಾಗಿ ವಿವರಿಸುತ್ತಾನೆ: ಮೊದಲು ಆಸ್ತಿಪಾಸ್ತಿ, ಆಮೇಲೆ ಹಳೆಯ ದುರಭ್ಯಾಸ ಮತ್ತು ವಿಕಾರಗಳು, ಕೊನೆಗೆ ಕಣ್ಣಿಗೆ ಕಾಣುವ ಲೋಕದಿಂದ ಕಾಣದ ಲೋಕಕ್ಕೆ ತಿರುಗುವ ಮನಸ್ಸು. ಮೊದಲನೆಯದೇ ಸುಲಭ ಎನ್ನಲು ಅವನಲ್ಲಿ ಸಾಕ್ಷ್ಯವಿತ್ತು. ಬಂಗಾರ, ಬೆಳ್ಳಿ, ದೊಡ್ಡ ದೊಡ್ಡ ಜಮೀನುಗಳನ್ನು ತೃಣವಾಗಿ ಕಂಡು ಬಂದ ಕೆಲವು ಸನ್ಯಾಸಿಗಳು ಒಂದು ಚಾಕು, ಒಂದು ಸೂಜಿ, ಒಂದು ಲೇಖನಿಗಾಗಿ ಕೆಂಡಕಾರುವುದನ್ನು ಅವನು ಬರೆದಿದ್ದಾನೆ. ಇನ್ನು ಕೆಲವರು ತಮ್ಮ ಪುಸ್ತಕವನ್ನು ಬೇರೆಯವರು ಮುಟ್ಟದಂತೆ ಬಿಗಿಹಿಡಿದುಕೊಳ್ಳುತ್ತಿದ್ದರು. ಜಮೀನಿಗೆ ಅಂಟಿದ್ದ ಮೋಹ ಸಾಯದೆ ಲೇಖನಿಗೆ ಬಂದು ಕೂತಿತ್ತು.

ಅತಿರೇಕಕ್ಕೆ ಸಭೆಯೇ ಕಡಿವಾಣ ಹಾಕಿತು. 4ನೇ ಶತಮಾನದ ನಡುಭಾಗದಲ್ಲಿ ಇಂದಿನ ಟರ್ಕಿಯ ಗಂಗ್ರದಲ್ಲಿ ಸೇರಿದ ಧರ್ಮಸಭಾ ಸಮ್ಮೇಳನ, ಮದುವೆಯನ್ನು ಅಸಹ್ಯಪಡುವವರನ್ನೂ ತಪಸ್ಸಿನ ನೆಪದಲ್ಲಿ ಮಕ್ಕಳನ್ನು ತೊರೆಯುವ ತಂದೆತಾಯಿಗಳನ್ನೂ ತಂದೆತಾಯಿಗಳನ್ನು ತೊರೆಯುವ ಮಕ್ಕಳನ್ನೂ ಸ್ಪಷ್ಟ ನಿಯಮಗಳ ಮೂಲಕ ಖಂಡಿಸಿತು. ಅದೇ ಪ್ರದೇಶದ ಕೈಸರೈಯದ ಬೆಸಿಲ್ (ಸು. 330–379) ತಪಸ್ಸನ್ನು ಸೇವೆಗೆ ಜೋಡಿಸಿ, ಊರಿನ ಹೊರಗೆ ರೋಗಿಗಳಿಗೂ ಬಡವರಿಗೂ ದಾರಿಹೋಕರಿಗೂ ಆಶ್ರಯಧಾಮ ಕಟ್ಟಿಸಿದನು. ಪೆಟ್ಟಿಗೆಯಲ್ಲಿ ಕೊಳೆಯುವ ಬಟ್ಟೆ ಬಟ್ಟೆಯಿಲ್ಲದವನದು ಎಂಬುದು ಅವನ ಪ್ರವಚನಗಳ ಸಾರ.

ಅಗಸ್ಟೀನನ ಚಿಂತನೆ

386ರಲ್ಲಿ ಮಿಲಾನಿನಲ್ಲಿದ್ದ ವಾಕ್ಚಾತುರ್ಯದ ಪ್ರಾಧ್ಯಾಪಕ ಅಗಸ್ಟೀನ್ (354–430) ಆಂಟನಿಯ ಕತೆಯನ್ನು ಅತಿಥಿಯೊಬ್ಬನ ಬಾಯಿಂದ ಕೇಳಿ ತಳಮಳಗೊಂಡನು. ಹಳೆಯ ಚಟಗಳು ತನ್ನನ್ನು ಹೇಗೆ ಹಿಡಿದು ನಿಲ್ಲಿಸಿದವು, ಬೇಕು ಎನ್ನುವ ಇಚ್ಛೆಯೇ ಬೇಡವೆನ್ನುವ ಇಚ್ಛೆಯೊಡನೆ ಹೇಗೆ ಸೆಣಸಿತು ಎಂಬುದನ್ನು ತನ್ನ ಆತ್ಮಕಥನದಲ್ಲಿ ಅವನು ಬಿಡಿಸಿಟ್ಟ ರೀತಿಗೆ ಪ್ರಾಚೀನ ಸಾಹಿತ್ಯದಲ್ಲಿ ಸಾಟಿಯಿಲ್ಲ. ಮರುವರ್ಷ ಬಿಷಪ್ ಆಂಬ್ರೋಸನಿಂದ ದೀಕ್ಷಾಸ್ನಾನ ಪಡೆದನು.

ಅಗಸ್ಟೀನನ ದೊಡ್ಡ ಕೊಡುಗೆ ಪ್ರೀತಿಯ ಕ್ರಮ ಎಂಬ ವಿಚಾರ. ಕೆಲವನ್ನು ಬಳಸಬೇಕು, ದೇವರಲ್ಲಿ ಮಾತ್ರ ನೆಲೆನಿಂತು ಆನಂದಿಸಬೇಕು. ಬಳಸಬೇಕಾದುದರಲ್ಲಿ ನೆಲೆಸಿಬಿಡುವುದೇ ಮೋಹ. ಹೆಂಡತಿ, ಮಕ್ಕಳು, ಸ್ನೇಹಿತರು, ಊರು ಇವು ಪ್ರೀತಿಗೆ ಅರ್ಹವಲ್ಲವೆಂದು ಅವನು ಹೇಳಲಿಲ್ಲ. ದೇವರಲ್ಲಿ ಅವುಗಳನ್ನು ಪ್ರೀತಿಸಿದವನು ಅವುಗಳನ್ನು ನಿಜವಾಗಿ ಪ್ರೀತಿಸುತ್ತಾನೆ, ದೇವರ ಬದಲಿಗೆ ಪ್ರೀತಿಸಿದವನು ಅವು ಹೊರಲಾಗದ ಭಾರವನ್ನು ಅವುಗಳ ಮೇಲೆ ಹೇರುತ್ತಾನೆ. ಈ ವಿಷಯದಲ್ಲಿ ಮುಂದಿನ ಪಾಶ್ಚಾತ್ಯ ಕ್ರೈಸ್ತ ಚಿಂತನೆಯ ಬಹುಪಾಲು ಈ ವಿಂಗಡಣೆಯ ಮೇಲೆ ನಿಂತಿದೆ.

ಮಠಗಳು ಮತ್ತು ಮಧ್ಯಯುಗ

ನರ್ಸಿಯದ ಬೆನೆಡಿಕ್ಟ್ (ಸು. 480–547) ಮೊಂಟೆ ಕಸಿನೊ ಮಠಕ್ಕಾಗಿ ಬರೆದ 73 ಅಧ್ಯಾಯಗಳ ನಿಯಮಾವಳಿ ಯುರೋಪಿನ ಮಠಜೀವನವನ್ನು ರೂಪಿಸಿತು. ಸನ್ಯಾಸಿಗೆ ಪುಸ್ತಕ, ಬರೆಯುವ ಹಲಗೆ, ಲೇಖನಿ ಯಾವುದೂ ಸ್ವಂತದ್ದಲ್ಲ ಎನ್ನುತ್ತದೆ 33ನೇ ಅಧ್ಯಾಯ. ಉಗ್ರಾಣದ ಮೇಲ್ವಿಚಾರಕನು ಮಠದ ಪಾತ್ರೆ ಪಡಗಗಳನ್ನೆಲ್ಲ ಪೂಜಾಪೀಠದ ಪವಿತ್ರ ಪಾತ್ರೆಗಳಂತೆ ಕಾಣಬೇಕು ಎನ್ನುತ್ತದೆ 31ನೇ ಅಧ್ಯಾಯ. ಎರಡು ಅಧ್ಯಾಯಗಳ ಅಂತರದಲ್ಲಿ ಕ್ರೈಸ್ತ ವೈರಾಗ್ಯದ ಎರಡೂ ಮುಖಗಳು ಸಿಗುತ್ತವೆ: ವಸ್ತುವಿನ ಒಡೆತನ ಬೇಡ, ವಸ್ತುವಿನ ಬಗ್ಗೆ ಅಸಡ್ಡೆಯೂ ಬೇಡ.

ಆದರೆ ವ್ಯಕ್ತಿಯಾಗಿ ಏನೂ ಇಲ್ಲದ ಸನ್ಯಾಸಿಗಳು ಸಂಸ್ಥೆಯಾಗಿ ಭಾರಿ ಭೂಮಾಲೀಕರಾದರು. ಈ ಸಿರಿಯಿಂದ ಬಿಡಿಸಿಕೊಳ್ಳಲೆಂದು 1098ರಲ್ಲಿ ಹುಟ್ಟಿದ ಸಿಸ್ಟರ್ಶಿಯನ್ ಪಂಥವೂ ಕಾಲಕ್ರಮದಲ್ಲಿ ಉಣ್ಣೆಯ ವ್ಯಾಪಾರದಿಂದ ಸಿರಿವಂತವಾಯಿತು. ಇದಕ್ಕೆ ಎದುರಾಗಿ 12, 13ನೇ ಶತಮಾನಗಳಲ್ಲಿ ಬಡತನದ ಚಳವಳಿಗಳು ಎದ್ದವು. ಲಿಯೋನಿನ ವ್ಯಾಪಾರಿ ವಾಲ್ಡೊ 1173ರ ಸುಮಾರಿಗೆ ಸಂಪತ್ತನ್ನು ತ್ಯಜಿಸಿದನು. ಅವನ ಅನುಯಾಯಿಗಳನ್ನು ಚರ್ಚ್ ಬಹಿಷ್ಕರಿಸಿತು. ಅಸ್ಸೀಸಿಯ ಬಟ್ಟೆ ವ್ಯಾಪಾರಿಯ ಮಗ ಫ್ರಾನ್ಸಿಸ್ (ಸು. 1181–1226) 1206ರಲ್ಲಿ ಬಿಷಪರ ಮುಂದೆ ಉಟ್ಟ ಬಟ್ಟೆಯನ್ನೂ ಕಳಚಿ ತಂದೆಗೆ ಒಪ್ಪಿಸಿ, ಪರಲೋಕದ ತಂದೆಯೊಬ್ಬನೇ ತನಗೆ ತಂದೆ ಎಂದನು. ಕುಷ್ಠರೋಗಿಗಳ ನಡುವೆ ಬಾಳಿದನು. ಅವನ ಪಂಥದ ನಿಯಮಾವಳಿಗೆ 1223ರಲ್ಲಿ ಪೋಪ್ ಮೂರನೇ ಹೊನೋರಿಯಸ್ ಅನುಮೋದನೆ ಕೊಟ್ಟರು. ಯಾವ ಆಸ್ತಿಯ ಆಸರೆಯೂ ಬೇಡವೆಂದು ಜೀವನವಿಡೀ ಹೋರಾಡಿದ ಅವನ ಶಿಷ್ಯೆ ಕ್ಲಾರಾಳ ನಿಯಮಾವಳಿಗೆ ಅನುಮೋದನೆ ಸಿಕ್ಕಿದ್ದು 1253ರಲ್ಲಿ, ಅವಳ ಮರಣಕ್ಕೆ ಎರಡೇ ದಿನ ಮುಂಚೆ. ಫ್ರಾನ್ಸಿಸ್ಕನ್ನರ ಒಳಗೇ ಬಡತನದ ವ್ಯಾಖ್ಯಾನಕ್ಕಾಗಿ ಜಗಳಗಳಾದವು. ಕ್ರಿಸ್ತನಿಗೂ ಅಪೊಸ್ತಲರಿಗೂ ಯಾವ ಒಡೆತನವೂ ಇರಲಿಲ್ಲವೆಂಬ ವಾದವನ್ನು ಪೋಪ್ 22ನೇ ಜಾನ್ 1323ರಲ್ಲಿ ತಿರಸ್ಕರಿಸಿದರು.

ಮಠದಾಚೆಗೂ ಈ ಹಂಬಲ ಹರಡಿತು. ನೆದರ್ಲೆಂಡ್ಸಿನ ಗೀರ್ಟ್ ಗ್ರೋಟ್ (1340–1384) ಆರಂಭಿಸಿದ ಭಕ್ತಿ ಚಳವಳಿಯಲ್ಲಿ ಸಾಮಾನ್ಯ ಗಂಡಸರು ಹೆಂಗಸರು ವ್ರತವಿಲ್ಲದೆಯೇ ಕೂಡಿಬಾಳಿ, ಗ್ರಂಥಗಳನ್ನು ನಕಲು ಮಾಡಿ ಜೀವನ ನಡೆಸಿದರು. ಆ ಪರಂಪರೆಯ ತೋಮಸ್ ಅ ಕೆಂಪಿಸ್ (ಸು. 1380–1471) ಬರೆದ ಕ್ರಿಸ್ತಾನುಕರಣೆಯ ಕೃತಿ ಬೈಬಲನ್ನು ಬಿಟ್ಟರೆ ಅತಿ ಹೆಚ್ಚು ಓದಲಾದ ಕ್ರೈಸ್ತ ಗ್ರಂಥಗಳಲ್ಲಿ ಒಂದು.

ಸುಧಾರಣೆಯ ಯುಗ

ಧರ್ಮಸುಧಾರಕ ಮಾರ್ಟಿನ್ ಲೂಥರ್ (1483–1546) ಸ್ವತಃ ಅಗಸ್ಟೀನ್ ಪಂಥದ ಸನ್ಯಾಸಿಯಾಗಿದ್ದವನು. 1521ರಲ್ಲಿ ಮಠದ ವ್ರತಗಳನ್ನು ಟೀಕಿಸುವ ಗ್ರಂಥ ಬರೆದು, 1525ರಲ್ಲಿ ಹಿಂದಿನ ಸನ್ಯಾಸಿನಿ ಕತರೀನಾ ಫಾನ್ ಬೋರಾಳನ್ನು ಮದುವೆಯಾದನು. ತ್ಯಾಗದಿಂದ ಪುಣ್ಯ ಗಳಿಸಲಾಗದು, ದೇವರ ಕೃಪೆಯನ್ನು ನಂಬಿಕೆಯಿಂದ ಪಡೆಯಬೇಕು, ಚಮ್ಮಾರನ ಕೆಲಸವೂ ತೊಟ್ಟಿಲು ತೂಗುವ ತಾಯಿಯ ಕೆಲಸವೂ ಸನ್ಯಾಸಿಯ ಜಪಕ್ಕಿಂತ ಕೀಳಲ್ಲ ಎಂದು ಬೋಧಿಸಿದನು. ಇದು ಭಕ್ತಿಯನ್ನು ಹಗುರ ಮಾಡಲಿಲ್ಲ. 1529ರ ದೊಡ್ಡ ಪ್ರಶ್ನೋತ್ತರ ಗ್ರಂಥದಲ್ಲಿ ಮೊದಲ ಆಜ್ಞೆಯನ್ನು ವಿವರಿಸುತ್ತ, ಮನುಷ್ಯನ ಹೃದಯ ಯಾವುದನ್ನು ನೆಚ್ಚಿಕೊಂಡಿದೆಯೋ ಅದೇ ಅವನ ದೇವರು ಎಂಬರ್ಥದ ಮಾತು ಹೇಳಿ, ಹಣವನ್ನು ಭೂಲೋಕದ ಅತಿ ಸಾಮಾನ್ಯ ವಿಗ್ರಹವೆಂದು ಗುರುತಿಸಿದನು. ವೈರಾಗ್ಯ ಹೀಗೆ ಮಠದ ಗೋಡೆ ದಾಟಿ ಅಡುಗೆಮನೆಗೂ ಮಾರುಕಟ್ಟೆಗೂ ಬಂತು.

ಕ್ಯಾಥೊಲಿಕ್ ವಲಯದಲ್ಲೂ ಅದೇ ಶತಮಾನ ಫಲವತ್ತಾಗಿತ್ತು. 1521ರಲ್ಲಿ ಪಾಂಪ್ಲೋನದ ಕಾಳಗದಲ್ಲಿ ಕಾಲು ಮುರಿದುಕೊಂಡ ಸೈನಿಕ ಇಗ್ನೇಷಿಯಸ್ ಲೊಯೋಲ (1491–1556) ಹಾಸಿಗೆ ಹಿಡಿದಾಗ ಸಂತರ ಚರಿತ್ರೆ ಓದಿ ಬದಲಾದನು. 1548ರಲ್ಲಿ ಪೋಪರ ಅನುಮೋದನೆ ಪಡೆದ ಅವನ ಆಧ್ಯಾತ್ಮಿಕ ಸಾಧನೆಗಳ ಕೈಪಿಡಿಯಲ್ಲಿ ಹತ್ತು ಸಾವಿರ ಡುಕಾಟ್ ನಾಣ್ಯ ಗಳಿಸಿದ ಮೂರು ಬಗೆಯ ಜನರ ಧ್ಯಾನವೊಂದಿದೆ. ಆ ಹಣದ ಮೋಹ ಮನಶ್ಶಾಂತಿಗೆ ಅಡ್ಡಿಯೆಂದು ಮೂವರಿಗೂ ಗೊತ್ತು. ಮೊದಲಿನವನು ಬಿಡಬೇಕೆಂದುಕೊಳ್ಳುತ್ತಲೇ ಸಾಯುವವರೆಗೂ ಏನೂ ಮಾಡುವುದಿಲ್ಲ. ಎರಡನೆಯವನು ಮೋಹ ಹೋಗಲಿ, ಹಣ ಇರಲಿ ಎಂದು ಬಯಸಿ, ದೇವರೇ ತನ್ನ ಇಷ್ಟಕ್ಕೆ ಬರಲೆಂದು ಕಾಯುತ್ತಾನೆ. ಮೂರನೆಯವನು ಇಟ್ಟುಕೊಳ್ಳುವ ಹಟವನ್ನೂ ಬಿಡುವ ಹಟವನ್ನೂ ತೊರೆದು, ದೇವರ ಸೇವೆಗೆ ಯಾವುದು ಹೆಚ್ಚೋ ಅದನ್ನು ಮಾಡಲು ಸಿದ್ಧನಾಗುತ್ತಾನೆ. ಹಲವು ಭಕ್ತರು ತಮ್ಮನ್ನು ಗುರುತಿಸಿಕೊಳ್ಳುವುದು ಎರಡನೆಯವನಲ್ಲಿ. ಈ ಧ್ಯಾನದ ಮೊನಚು ಇರುವುದೂ ಅಲ್ಲೇ.

ಆವಿಲದ ತೆರೇಸಾ (1515–1582) 1562ರಲ್ಲಿ ಸಂತ ಜೋಸೆಫರ ಚಿಕ್ಕ ಮಠ ಕಟ್ಟಿ ಕರ್ಮೆಲ್ ಪಂಥವನ್ನು ಸುಧಾರಿಸಿದಳು. ಅವಳ ಜೊತೆಗಾರ ಶಿಲುಬೆಯ ಯೋಹಾನ (1542–1591), ಹಕ್ಕಿಯನ್ನು ಕಟ್ಟಿದ್ದು ಹಗ್ಗವಾದರೇನು ನೂಲಾದರೇನು, ಹರಿಯುವವರೆಗೆ ಅದು ಹಾರದು ಎಂಬ ಹೋಲಿಕೆಯಿಂದ ಚಿಕ್ಕ ಮೋಹಗಳ ಬಲವನ್ನು ತೋರಿಸಿಕೊಟ್ಟನು.

18ನೇ ಶತಮಾನದಿಂದ ಈಚೆಗೆ

ಮೆಥಡಿಸ್ಟ್ ಚಳವಳಿಯ ಜಾನ್ ವೆಸ್ಲಿ (1703–1791) 1760ರಲ್ಲಿ ಪ್ರಕಟಿಸಿದ ಹಣದ ಬಳಕೆಯ ಕುರಿತ ಪ್ರವಚನದಲ್ಲಿ ನ್ಯಾಯವಾಗಿ ಗಳಿಸುವುದು, ದುಂದಿಲ್ಲದೆ ಉಳಿಸುವುದು, ಉಳಿದುದನ್ನೆಲ್ಲ ಕೊಡುವುದು ಎಂಬ ಮೂರು ಸೂತ್ರ ಕೊಟ್ಟನು. ಆಕ್ಸ್‌ಫರ್ಡಿನ ಒಬ್ಬ ಯುವ ಮೆಥಡಿಸ್ಟನ ಲೆಕ್ಕವನ್ನು ಅವನು ಇನ್ನೊಂದು ಪ್ರವಚನದಲ್ಲಿ ಹೇಳುತ್ತಾನೆ: ವರ್ಷಕ್ಕೆ 30 ಪೌಂಡ್ ಆದಾಯವಿದ್ದಾಗ 28ರಲ್ಲಿ ಬದುಕಿ 2 ಕೊಟ್ಟನು, 60 ಬಂದಾಗಲೂ 28ರಲ್ಲೇ ಬದುಕಿ 32 ಕೊಟ್ಟನು, 90 ಬಂದಾಗ 62, 120 ಬಂದಾಗ 92 ಕೊಟ್ಟನು. ಅದು ವೆಸ್ಲಿಯ ಸ್ವಂತ ಲೆಕ್ಕವೇ ಎಂಬುದು ಸಾಮಾನ್ಯ ಅಭಿಪ್ರಾಯ. ಆದಾಯ ಏರಿದಂತೆ ಅಗತ್ಯವನ್ನೂ ಏರಿಸಿಕೊಳ್ಳುವ ಕಾಲಕ್ಕೆ ಇದಕ್ಕಿಂತ ನೇರವಾದ ಪಾಠ ಬೇಕಿಲ್ಲ.

ಡೆನ್ಮಾರ್ಕಿನ ತತ್ವಜ್ಞಾನಿ ಸೋರೆನ್ ಕೀರ್ಕೆಗಾರ್ಡ್ (1813–1855) 1847ರ ಒಂದು ಪ್ರವಚನದಲ್ಲಿ ಹೃದಯಶುದ್ಧಿಯೆಂದರೆ ಒಂದನ್ನೇ ಬಯಸುವುದು ಎಂಬ ವಿಚಾರವನ್ನು ಬೆಳೆಸಿ, ಪ್ರತಿಫಲದ ಆಸೆಯಿಂದಲೋ ಶಿಕ್ಷೆಯ ಭಯದಿಂದಲೋ ಒಳ್ಳೆಯದನ್ನು ಬಯಸುವವನೂ ಇಬ್ಬಗೆಯ ಮನಸ್ಸಿನವನೇ ಎಂದು ತೋರಿಸಿದನು. ಜರ್ಮನಿಯ ನಾಜಿ ವಿರೋಧಿ ಪಾದ್ರಿ ಡೀಟ್ರಿಶ್ ಬೊನ್‌ಹೋಫರ್ (1906–1945) 1937ರಲ್ಲಿ ಶಿಷ್ಯತ್ವದ ಕುರಿತ ಗ್ರಂಥ ಬರೆದು, ಬೆಲೆ ತೆರದ ಕೃಪೆಯನ್ನು ಸಭೆಯ ಕಡುವೈರಿ ಎಂದು ಕರೆದನು. 1939ರಲ್ಲಿ ಅಮೆರಿಕದಲ್ಲಿ ಸುರಕ್ಷಿತವಾಗಿ ಉಳಿಯುವ ಅವಕಾಶವಿದ್ದೂ ಕೆಲವೇ ವಾರಗಳಲ್ಲಿ ಜರ್ಮನಿಗೆ ಮರಳಿದನು. 1945ರ ಏಪ್ರಿಲ್ 9ರಂದು ನಾಜಿಗಳು ಅವನನ್ನು ಫ್ಲೋಸನ್‌ಬ್ಯೂರ್ಗ್ ಶಿಬಿರದಲ್ಲಿ ಗಲ್ಲಿಗೇರಿಸಿದರು.

ಎರಡನೇ ವ್ಯಾಟಿಕನ್ ಸಮ್ಮೇಳನ 1964ರಲ್ಲಿ ಅಂಗೀಕರಿಸಿದ ಧರ್ಮಸಭೆಯ ಕುರಿತ ದಸ್ತಾವೇಜಿನ ಐದನೇ ಅಧ್ಯಾಯ, ಪಾವಿತ್ರ್ಯದ ಕರೆ ಪಾದ್ರಿ, ಕನ್ಯಾಸ್ತ್ರೀಯರಿಗಷ್ಟೇ ಅಲ್ಲ, ಎಲ್ಲ ವಿಶ್ವಾಸಿಗಳಿಗೂ ಇದೆ ಎಂದು ಸಾರಿತು. ಮೇಲ್ದರ್ಜೆಯ ಸನ್ಯಾಸಿ, ಕೆಳದರ್ಜೆಯ ಗೃಹಸ್ಥ ಎಂಬ ಹಳೆಯ ಭಾವನೆಗೆ ಇದರಿಂದ ಪೆಟ್ಟು ಬಿತ್ತು.

ಭಾರತ ಮತ್ತು ಕರ್ನಾಟಕದಲ್ಲಿ

ಸನ್ಯಾಸವನ್ನು ಬಲ್ಲ ನಾಡಿನಲ್ಲಿ ಕ್ರೈಸ್ತ ವೈರಾಗ್ಯ ಹೊಸ ವೇಷ ತೊಟ್ಟಿತು. ಮಧುರೆಯಲ್ಲಿ, ಇಗ್ನೇಷಿಯಸ್ ಕಟ್ಟಿದ ಜೆಸ್ವಿತ ಪಂಥದ ರಾಬರ್ಟೊ ಡಿ ನೊಬಿಲಿ (1577–1656) ಕಾವಿ ಧರಿಸಿ ಸಸ್ಯಾಹಾರಿಯಾಗಿ ಬಾಳಿದನು. 17ನೇ ಶತಮಾನದ ನಡುವೆ ಶ್ರೀರಂಗಪಟ್ಟಣದಲ್ಲಿ ಜೆಸ್ವಿತರ ಮೈಸೂರು ಮಿಷನ್ನನ್ನು ಕಟ್ಟಿದ ಲಿಯೊನಾರ್ಡೊ ಚಿನ್ನಾಮಿಯೂ ಅದೇ ಸನ್ಯಾಸಿ ಪದ್ಧತಿಯನ್ನು ಅನುಸರಿಸಿದನು. ಗೋವೆಯ ಪಾದ್ರಿ ಜೋಸೆಫ್ ವಾಜ್ (1651–1711) ಕೆನರಾ ಪ್ರಾಂತದಲ್ಲಿ ಸೇವೆ ಸಲ್ಲಿಸಿ, 1687ರಲ್ಲಿ ಕೂಲಿಯಾಳಿನ ವೇಷದಲ್ಲಿ ಶ್ರೀಲಂಕೆಗೆ ತೆರಳಿ, ಡಚ್ಚರ ದಬ್ಬಾಳಿಕೆಯಲ್ಲಿ ಪಾದ್ರಿಗಳಿಲ್ಲದೆ ಉಳಿದಿದ್ದ ಕ್ಯಾಥೊಲಿಕರಿಗೆ ಆಸರೆಯಾದನು. 2015ರಲ್ಲಿ ಅವನನ್ನು ಸಂತನೆಂದು ಘೋಷಿಸಲಾಯಿತು.

1870ರಲ್ಲಿ ಫ್ರಾನ್ಸಿನ ಪೌ ನಗರದಿಂದ ಹೊರಟ ಕರ್ಮೆಲ್ ಸನ್ಯಾಸಿನಿಯರ ತಂಡ ಮಂಗಳೂರಿನಲ್ಲಿ ಭಾರತದ ಮೊದಲ ಕರ್ಮೆಲ್ ಏಕಾಂತ ಮಠವನ್ನು ಸ್ಥಾಪಿಸಿತು. ದೀರ್ಘ ಪ್ರಯಾಣದ ಕಷ್ಟಕ್ಕೆ ತಂಡದ ಕೆಲವರು ಬಲಿಯಾದರು. ಉಳಿದವರಲ್ಲಿ ಗಲಿಲಾಯದ ಇಬಿಲ್ಲೀನ್ ಗ್ರಾಮದ ಅನಾಥೆ, ಮನೆಗೆಲಸ ಮಾಡಿ ಬೆಳೆದ ಮರಿಯಂ ಬವಾರ್ದಿ (1846–1878) ಒಬ್ಬಳು. ಆವಿಲದ ತೆರೇಸಾಳ ಪಂಥದ ಈ ಅರಬ್ ಯುವತಿ 1871ರ ನವೆಂಬರ್ 21ರಂದು ಮಂಗಳೂರಿನಲ್ಲೇ ಅಂತಿಮ ವ್ರತ ಕೈಗೊಂಡಳು. ಮರುವರ್ಷ ಪೌಗೆ ಮರಳಿದಳು. 2015ರಲ್ಲಿ ಸಂತಳೆಂದು ಘೋಷಿತಳಾದಳು. ಏಕಾಂತ ಮಠದ ಜೊತೆಗೇ ಮಂಗಳೂರಿಗೆ ಬಂದ ಅಪೊಸ್ತಲಿಕ್ ಕರ್ಮೆಲ್ ಭಗಿನಿಯರು ಹೆಣ್ಣುಮಕ್ಕಳ ಶಿಕ್ಷಣಕ್ಕೆ ಬದುಕು ಮುಡಿಪಿಟ್ಟರು. ಒಂದೇ ಊರಿನಲ್ಲಿ ಒಂದೇ ವರ್ಷ ನೆಲೆಗೊಂಡ ಈ ಎರಡು ಮನೆಗಳಲ್ಲಿ ಒಂದು ಮೌನಪ್ರಾರ್ಥನೆಯದು, ಇನ್ನೊಂದು ಪಾಠಶಾಲೆಯದು.

ಮಂಗಳೂರಿನ ಬಾಸೆಲ್ ಮಿಷನ್ ಚರಿತ್ರೆಯಲ್ಲಿ ಆನಂದರಾವ್ ಕೌಂಡಿನ್ಯರ (1825–1893) ಹೆಸರು ಮುಖ್ಯ. ಸಾರಸ್ವತ ಬ್ರಾಹ್ಮಣ ಕುಟುಂಬದ ಅವರು ಮಿಷನರಿ ಹೆರ್ಮನ್ ಮೋಗ್ಲಿಂಗರ ಪ್ರಭಾವದಲ್ಲಿ 1844ರಲ್ಲಿ ದೀಕ್ಷಾಸ್ನಾನ ಪಡೆದು, ಮನೆ ಮತ್ತು ಸಮುದಾಯದ ನಂಟು ಕಳೆದುಕೊಂಡು, ಬಾಸೆಲಿನಲ್ಲಿ ಕಲಿತು ಬೋಧಕರಾಗಿ ಹಿಂದಿರುಗಿದರು. ಕಾರ್ಕಳದ ಬಳಿಯ ಮಾಳ ಮೂಲದ ಅನಂತಶಾಸ್ತ್ರಿ ಡೋಂಗ್ರೆಯವರ ಮಗಳು ಪಂಡಿತಾ ರಮಾಬಾಯಿ (1858–1922) 1883ರಲ್ಲಿ ಇಂಗ್ಲೆಂಡಿನ ವಾಂಟೇಜಿನಲ್ಲಿ ಕ್ರೈಸ್ತರಾದರು. ಪಾಂಡಿತ್ಯದಿಂದ ಬಂದ ಕೀರ್ತಿಯಲ್ಲಿ ನೆಲೆನಿಲ್ಲದೆ, ಪುಣೆಯ ಬಳಿಯ ಕೇಡಗಾಂವದಲ್ಲಿ ಮುಕ್ತಿ ಮಿಷನ್ ಕಟ್ಟಿ, ಬರಗಾಲದಲ್ಲಿ ದಿಕ್ಕಿಲ್ಲದ ಹೆಣ್ಣುಮಕ್ಕಳನ್ನು ಸಲಹಿದರು. ಪಂಜಾಬಿನ ಸಿಖ್ ಮನೆತನದ ಸುಂದರ್ ಸಿಂಗ್ (ಜನನ 1889) 1905ರಲ್ಲಿ ಶಿಮ್ಲಾದಲ್ಲಿ ದೀಕ್ಷಾಸ್ನಾನ ಪಡೆದ ಬಳಿಕ ಕಾವಿಯುಟ್ಟು ಬರಿಗಾಲಿನಲ್ಲಿ ಸುವಾರ್ತೆ ಸಾರುತ್ತ ನಡೆದರು; 1929ರಲ್ಲಿ ಟಿಬೆಟ್ಟಿನ ದಾರಿ ಹಿಡಿದವರು ಮರಳಲಿಲ್ಲ. ಮದರ್ ತೆರೇಸಾ (1910–1997) 1948ರಲ್ಲಿ ಲೊರೆಟೊ ಮಠದಿಂದ ಹೊರಬಂದು 1950ರಲ್ಲಿ ಹೊಸ ಸಂಸ್ಥೆ ಸ್ಥಾಪಿಸಿದಾಗ, ಬಡತನ, ಬ್ರಹ್ಮಚರ್ಯ, ವಿಧೇಯತೆಗಳ ಜೊತೆ ಕಡುಬಡವರಿಗೆ ಪೂರ್ಣ ಮನಸ್ಸಿನ ಉಚಿತ ಸೇವೆ ಎಂಬ ನಾಲ್ಕನೇ ವ್ರತವನ್ನು ಸೇರಿಸಿದರು.

ಆಚರಣೆಗಳು

ಸಾಮಾನ್ಯ ಭಕ್ತರ ವರ್ಷಚಕ್ರದಲ್ಲಿ ವಿಭೂತಿ ಬುಧವಾರದಿಂದ ಆರಂಭವಾಗುವ ತಪಸ್ಸುಕಾಲ ವೈರಾಗ್ಯದ ಪಾಠಶಾಲೆ. ಉಪವಾಸ, ಪ್ರಾರ್ಥನೆ, ದಾನ ಮೂರೂ ಒಟ್ಟಿಗೆ ಹೋಗಬೇಕು. ಊಟ ಬಿಟ್ಟು ಉಳಿಸಿದ ಕಾಸು ಹಸಿದವನ ತಟ್ಟೆ ಸೇರದಿದ್ದರೆ ಉಪವಾಸ ಅರ್ಧವೇ. ಪ್ರೊಟೆಸ್ಟೆಂಟ್ ಸಭೆಗಳಲ್ಲಿ ದಶಮಾಂಶ ಕೊಡುವ ರೂಢಿಯೂ, ಬೆಳೆಯ ಮೊದಲ ಪಾಲನ್ನು ದೇವಾಲಯಕ್ಕೆ ತಂದು ಒಪ್ಪಿಸುವ ಸುಗ್ಗಿಹಬ್ಬವೂ ಇದೆ. ವೆಸ್ಲಿ 1755ರಲ್ಲಿ ಆರಂಭಿಸಿದ ಒಡಂಬಡಿಕೆಯ ಆರಾಧನೆಯಲ್ಲಿ ವಿಶ್ವಾಸಿಗಳು ಬದುಕನ್ನು ದೇವರ ಚಿತ್ತಕ್ಕೆ ಹೊಸದಾಗಿ ಒಪ್ಪಿಸುತ್ತಾರೆ. ಮಿಜೋರಮಿನ ಕ್ರೈಸ್ತ ಮನೆಗಳಲ್ಲಿ ಪ್ರತಿ ಅಡುಗೆಗೂ ಮುನ್ನ ಒಂದು ಹಿಡಿ ಅಕ್ಕಿಯನ್ನು ಸಭೆಯ ಸೇವೆಗೆ ತೆಗೆದಿಡುವ ಪದ್ಧತಿ 20ನೇ ಶತಮಾನದ ಆರಂಭದಿಂದ ನಡೆದುಬಂದಿದೆ. ಬಡ ಮನೆಯೂ ಕೊಡಬಲ್ಲ ಕಾಣಿಕೆ ಅದು.

ಟೀಕೆ ಮತ್ತು ವಿವಾದ

ವೈರಾಗ್ಯದ ಬೋಧನೆ ದುರುಪಯೋಗವಾಗಿದೆ. ಏನೂ ಇಲ್ಲದವರಿಗೆ ತ್ಯಾಗವನ್ನೂ, ದನಿಯಿಲ್ಲದ ಹೆಣ್ಣಿಗೆ ತಾಳ್ಮೆಯನ್ನೂ ಬೋಧಿಸಿ ಅನ್ಯಾಯವನ್ನು ಮುಚ್ಚಿಟ್ಟವರಿದ್ದರು. ಪೆರುವಿನ ಗುಸ್ತಾವೊ ಗುಟಿಯೆರೆಸ್ 1971ರ ವಿಮೋಚನಾ ದೇವಶಾಸ್ತ್ರದ ಗ್ರಂಥದಲ್ಲಿ ಹೇರಲ್ಪಟ್ಟ ಬಡತನ ದೇವರು ದ್ವೇಷಿಸುವ ಕೇಡು ಎಂದೂ, ಪ್ರೀತಿಯಿಂದ ಆಯ್ದ ಬಡತನ ಆ ಕೇಡಿನ ವಿರುದ್ಧದ ಪ್ರತಿಭಟನೆ ಎಂದೂ ವಿಂಗಡಿಸಿದರು. ಇನ್ನೊಂದು ತುದಿಯಲ್ಲಿ, ವಿಶ್ವಾಸಿಗೆ ಹಣ ಆರೋಗ್ಯಗಳು ದೇವರ ಖಚಿತ ಕೊಡುಗೆ ಎನ್ನುವ ಸಮೃದ್ಧಿಯ ಸುವಾರ್ತೆ 20ನೇ ಶತಮಾನದಲ್ಲಿ ಅಮೆರಿಕದಿಂದ ಜಗತ್ತಿನಾದ್ಯಂತ ಹರಡಿತು. ಅದು ಇಗ್ನೇಷಿಯಸನ ಎರಡನೆಯ ಮನುಷ್ಯನನ್ನೇ ಆದರ್ಶವಾಗಿಸಿದೆ, ದೇವರನ್ನು ಆಸೆಯ ಸೇವಕನನ್ನಾಗಿ ಮಾಡಿದೆ ಎಂಬ ಆಕ್ಷೇಪ ನ್ಯಾಯವಾದದ್ದು.

ಎರಡು ಸಾವಿರ ವರ್ಷಗಳ ಈ ಅನುಭವದಿಂದ ಕೆಲವು ಮಾತುಗಳು ನಿಶ್ಚಿತವಾಗಿ ಸಿಗುತ್ತವೆ. ದೇವರು ಕೇಳುವುದು ಹೃದಯದ ಒಂದು ಪಾಲನ್ನಲ್ಲ, ಇಡೀ ಹೃದಯವನ್ನು. ಹೊರಗೆ ಬಿಟ್ಟರೂ ಒಳಗೆ ಬಿಡದವರು ಕಾಸಿಯನನ ಕಾಲದಲ್ಲೂ ಇದ್ದರು. ಒಳಗೆ ಬಿಟ್ಟಿದ್ದೇವೆಂದು ಹೇಳಿ ಹೊರಗೆ ಏನನ್ನೂ ಬಿಡದವರು ಎಲ್ಲ ಕಾಲದಲ್ಲೂ ಇದ್ದಾರೆ. ಇವೆರಡನ್ನೂ ಅಳೆಯುವ ಮಾನದಂಡವನ್ನು ಸುವಾರ್ತೆಯೇ ಕೊಟ್ಟಿದೆ: ಬಿಟ್ಟದ್ದರಿಂದ ಬಡವನ ಬದುಕು ಹಗುರವಾಯಿತೇ, ಬಿಟ್ಟವನ ಪ್ರೀತಿ ಹೆಚ್ಚಿತೇ? ಹೌದು ಎನ್ನಬಲ್ಲ ವೈರಾಗ್ಯವೇ ಕ್ರೈಸ್ತ ವೈರಾಗ್ಯ.